ಊರಿನ ಚರಿತ್ರೆಯನ್ನು ಗ್ರಂಥಾಲಯದಲ್ಲಿ ಹುಡುಕುವ ಬಗೆ

ತಮ್ಮೂರಿನ ಮೇಲೆ ಕಿರುಪ್ರಬಂಧ ಬರೆಯಬೇಕಾದ ವಿದ್ಯಾರ್ಥಿಗಳು ಗ್ರಂಥಾಲಯದ ಕಂಪ್ಯೂಟರಿನಲ್ಲಿ ‘ಹಾವೇರಿ ಜಿಲ್ಲೆ’ ಎಂದು ಒತ್ತಿ, ಬಂದ ನಾಲ್ಕು ಹೆಸರುಗಳನ್ನು ನೋಡಿ, ‘ಇಲ್ಲೇನೂ ಇಲ್ಲ ಬಿಡ್ರಿ’ ಎಂದು ಎದ್ದು ಹೋಗುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಅವರಿಗೆ ಬೇಕಾದದ್ದು ಬೇರೆ ಹೆಸರಿನಡಿ ಕಪಾಟಿನಲ್ಲೇ ಇರುತ್ತದೆ.

ಸದಸ್ಯತ್ವದ ಕೆಲಸ ಸುಲಭ: ಗುರುತಿನ ಚೀಟಿ ತೋರಿಸಿ, ಠೇವಣಿ ಕಟ್ಟಿದರಾಯಿತು.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಕಪಾಟಿನ ಕಡೆ ಹೋಗುವ ಮೊದಲು ಊರಿನ ಹಳೆಯ ಹೆಸರುಗಳ ಹಾಗೂ ಅದು ಸೇರಿದ್ದ ಆಡಳಿತಗಳ ಪಟ್ಟಿಯನ್ನು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಗದಗ ಮತ್ತು ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ಇವೆರಡನ್ನೂ ಧಾರವಾಡ ಜಿಲ್ಲೆಯೊಳಗೇ ಹುಡುಕಬೇಕು. 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗ್ಯಾಸೆಟಿಯರಿನ (ಊರು, ಚರಿತ್ರೆ, ಆಡಳಿತಗಳ ವಿವರ ಕೊಡುವ ಸರಕಾರಿ ಗ್ರಂಥಮಾಲೆಯ) 22ನೆಯ ಸಂಪುಟ ಧಾರವಾಡ ಜಿಲ್ಲೆಗೆ ಮೀಸಲಾಗಿದ್ದು, ಅದರಲ್ಲಿ ಹಾವೇರಿ ಕರಜಗಿ ತಾಲೂಕಿನಲ್ಲೂ ಹಿರೇಕೆರೂರು ಕೋಡ ತಾಲೂಕಿನಲ್ಲೂ ಸಿಗುತ್ತವೆ. ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನಕ್ಕೆ ಸೇರಿದ್ದವು; ಆ ಊರಿನವರು ಸಂಸ್ಥಾನಗಳ ಹೆಸರನ್ನೂ ಪಟ್ಟಿಗೆ ಸೇರಿಸಿಕೊಳ್ಳಲಿ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಧಾರವಾಡದ ಕೊನೆಯ ಅಕ್ಷರ ‘ಡಿ’ ಅಲ್ಲ, ‘ಆರ್’ ಎಂಬುದನ್ನು ಮರೆತರೆ ಕಂಪ್ಯೂಟರ್ ಏನನ್ನೂ ತೋರಿಸುವುದಿಲ್ಲ.

ಪರಾಮರ್ಶನ ವಿಭಾಗದ ಗ್ರಂಥಪಾಲಕರನ್ನು ಕೇಳುವಾಗಲೂ ಇದೇ ಪಟ್ಟಿ ಕೈಯಲ್ಲಿರಲಿ. ‘ಹಾವೇರಿ ಬಗ್ಗೆ ಪುಸ್ತಕ ಅದಾವೇನ್ರೀ?’ ಎಂದರೆ ಅವರು ಬೆರಳು ತೋರಿಸಿ ಸುಮ್ಮನಾಗಬಹುದು. ‘ಕರಜಗಿ ತಾಲೂಕಿನ ಕೆರೆಗಳ ವಿವರ ಎದರಾಗ ಸಿಗತೈತ್ರೀ?’ ಎಂದರೆ ಕುರ್ಚಿ ಬಿಟ್ಟು ಎದ್ದು ಬರುತ್ತಾರೆ.

ಪುಸ್ತಕಗಳನ್ನು ವಿಷಯವಾರು ಅಂಕಿ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯನ್ನು ಅನುಸರಿಸುವ ಗ್ರಂಥಾಲಯದಲ್ಲಿ ಕರ್ನಾಟಕದ ಚರಿತ್ರೆ 954.87ರಲ್ಲಿ, ಕನ್ನಡ ಸಾಹಿತ್ಯ 894.814ರಲ್ಲಿ ಇರುತ್ತದೆ. ಬೇಕಾದ ಪುಸ್ತಕದ ಎಡಬಲದ ಹತ್ತು ಪುಸ್ತಕಗಳನ್ನೂ ತೆಗೆದು ನೋಡಿ. ಪುಸ್ತಕವನ್ನು ಮೊದಲ ಪುಟದಿಂದ ಓದಲು ಕೂರದೆ ಕೊನೆಯ ಪದಸೂಚಿಯಿಂದ ಆರಂಭಿಸಿ. ಪರೀಕ್ಷೆಗೆಂದು ಪೇಟೆಯಲ್ಲಿ ಮಾರುವ ಗೈಡುಗಳನ್ನು ಮಾತ್ರ ಮುಟ್ಟಬೇಡಿ. ನಾನು ಕೊಂಡ ಎರಡರಲ್ಲೂ ಗ್ಯಾಸೆಟಿಯರಿನ ಸಾಲುಗಳನ್ನೇ ಇಳಿಸಿದ್ದರು, ಪುಟಸಂಖ್ಯೆ ಒಂದಕ್ಕೂ ಇರಲಿಲ್ಲ.

ಟಿಪ್ಪಣಿಗೆ ಪೆನ್ಸಿಲ್ಲೇ ಒಳ್ಳೆಯದು. ಮೊಬೈಲಿನಲ್ಲಿ ಚಿತ್ರ ತೆಗೆಯಲು ಅನುಮತಿ ಸಿಕ್ಕರೆ ಮೊದಲು ಪುಸ್ತಕದ ಶೀರ್ಷಿಕೆಯ ಪುಟ, ಆಮೇಲೆ ಪುಟಸಂಖ್ಯೆ ಕಾಣುವಂತೆ ಒಳಪುಟ, ಈ ಕ್ರಮದಲ್ಲಿ ತೆಗೆಯಿರಿ.