ಹಳೇ ಡಿಶ್‌ವಾಷರ್, ಹೊಸ ಡಿಶ್‌ವಾಷರ್: ಹದಿನೈದು ದಿನ ಎರಡನ್ನೂ ಓಡಿಸಿ ನೋಡಿದೆ

ನಮ್ಮ ಹಳೇ ಡಿಶ್‌ವಾಷರ್ 2010ರದು. ಹೊಸದು ಬಂದಾಗ ಅದು ತಂಗಿ ಮನೆಗೆ ಹೋಗಬೇಕಿತ್ತು. ಅವಳ ಅಡುಗೆಮನೆ ಕೆಲಸ ಮುಗಿದಿರಲಿಲ್ಲ. ಹಾಗಾಗಿ ಹದಿನೈದು ದಿನ ಎರಡೂ ನಮ್ಮಲ್ಲೇ ಇದ್ದವು. ಸುಮ್ನೆ ಯಾಕೆ ಬಿಡೋದು ಅಂತ ಎರಡಕ್ಕೂ ಒಂದೇ ಪುಡಿ, ಒಂದೇ ಥರದ ಎಂಜಲು ಪಾತ್ರೆ ಹಾಕಿ ನೋಡಿದೆ. "ಪಾತ್ರೆಗೂ ಪರೀಕ್ಷೆನಾ?" ಅಂತ ಅತ್ತೆ ನಕ್ಕರು.

ಮೊದಲ ಮೂರು ದಿನ ಹೊಸದು ಸೋತಿತು. ಸ್ಟೀಲ್ ಲೋಟಗಳ ಮೇಲೆಲ್ಲ ಬಿಳಿ ಪೊರೆ. ಇಷ್ಟು ದುಡ್ಡು ಕೊಟ್ಟು ಇದನ್ನಾ ತಂದೆ ಅಂತ ಬೈದುಕೊಂಡೆ. ಆಮೇಲೆ ನೋಡಿದರೆ ತಪ್ಪು ನನ್ನದೇ. ನಮ್ಮದು ಬೋರ್‌ವೆಲ್ ನೀರು. ಟೆಸ್ಟ್ ಸ್ಟ್ರಿಪ್ ಅದ್ದಿದರೆ ಗಡಸುತನ 400 ಪಿಪಿಎಂ ದಾಟಿತ್ತು. ಹಳೆಯದರಲ್ಲಿ ಅಳವಡಿಸಲು ಬಂದವರೇ ಗಡಸು ನೀರಿಗೆ ಸೆಟ್ಟಿಂಗ್ ಏರಿಸಿದ್ದರು. ಹೊಸದರಲ್ಲಿ ಯಾರೂ ಮುಟ್ಟಿರಲಿಲ್ಲ. ಸೆಟ್ಟಿಂಗ್ ಏರಿಸಿ, ಗಡಸು ನೀರನ್ನು ಮೆದುವಾಗಿಸಲು ಬೇಕಾದ ಡಿಶ್‌ವಾಷರ್ ಉಪ್ಪು ತುಂಬಿಸಿದೆ. ಅಡುಗೆ ಉಪ್ಪು ಬೇಡ, ಅದರಲ್ಲಿ ಬೇರೆ ಪದಾರ್ಥ ಸೇರಿರುತ್ತೆ. ಎರಡೇ ಸಲಕ್ಕೆ ಲೋಟ ಫಳಫಳ.

ನಿಜವಾದ ಹೋಲಿಕೆ ಶುರುವಾಗಿದ್ದು ಆಮೇಲೆ. ರಾಗಿ ಅಂಬಲಿ ಒಣಗಿದ ಬಟ್ಟಲು, ಗಂಜಿ ಅಂಟಿದ ಪಾತ್ರೆ, ಸಾರಿನ ತಟ್ಟೆ, ಒಗ್ಗರಣೆ ಸೌಟು. ಹಳೆಯದು 70 ಡಿಗ್ರಿಯಲ್ಲಿ ಎರಡು ಗಂಟೆ ಓಡುತ್ತಿತ್ತು. ಹೊಸದರ ಇಕೋ (ನೀರು, ಕರೆಂಟು ಉಳಿಸುವ ಪ್ರೋಗ್ರಾಂ) 50 ಡಿಗ್ರಿ, ಆದರೆ ಮೂರೂವರೆ ಗಂಟೆ! ಹೊರಹೋಗುವ ಪೈಪನ್ನು ಬಕೆಟ್‌ಗೆ ಬಿಟ್ಟು ಅಳೆದೆ. ಹಳೆಯದು ಸುಮಾರು 17 ಲೀಟರ್, ಹೊಸದು 10. ಬಟ್ಟಲು ಎರಡರಲ್ಲೂ ಒಂದೇ ಥರ ಶುಚಿಯಾಯಿತು. ಪುಡಿಯಲ್ಲಿರುವ ಕಿಣ್ವಗಳು ಹದವಾದ ಬಿಸಿಯಲ್ಲಿ ನಿಧಾನವಾಗಿ ಗಂಜಿಯನ್ನು ಕರಗಿಸುತ್ತವೆ, ಅದಕ್ಕೇ ಅಷ್ಟು ಹೊತ್ತು. ಒಳಗೆ ತಿರುಗುವ ಮೇಲಿನ, ಕೆಳಗಿನ ಕೈಗಳು ಸರದಿಯಲ್ಲಿ ನೀರು ಚಿಮ್ಮಿಸುವುದರಿಂದ ಕಡಿಮೆ ನೀರಿಗೂ ರಭಸ ಉಳಿಯುತ್ತೆ. ಅವಸರಕ್ಕೆ ಕ್ವಿಕ್ ಹಾಕಿದ ದಿನ ಮಾತ್ರ ಅಂಬಲಿ ಹಾಗೇ ಇತ್ತು. ತಳ ಹಿಡಿದ ಹಾಲಿನ ಪಾತ್ರೆ ಎರಡರಲ್ಲೂ ಫೇಲು.

ನಾನು ಬಿಡಬೇಕಾದ ಅಭ್ಯಾಸ ಒಂದಿತ್ತು: ಪಾತ್ರೆ ತೊಳೆದು ಒಳಗಿಡುವುದು. ಹೊಸದರ ಆಟೋ ಪ್ರೋಗ್ರಾಂನಲ್ಲಿ ಸೆನ್ಸರ್ ನೀರಿನೊಳಗೆ ಬೆಳಕು ಹಾಯಿಸಿ ಎಷ್ಟು ಕದಡಿದೆ ಅಂತ ನೋಡುತ್ತೆ. ನೀರು ತಿಳಿಯಾಗಿದ್ದರೆ ಪಾತ್ರೆ ಶುಚಿಯಾಗಿದೆ ಅಂದುಕೊಂಡು ಕೆಲಸ ಬೇಗ ಮುಗಿಸಿಬಿಡುತ್ತೆ, ಅಂಟಿದ್ದು ಹಾಗೇ ಉಳಿಯಬಹುದು. ಈಗ ಎಂಜಲು ಕೆರೆದು ಇಡುತ್ತೇನೆ, ಅಷ್ಟೇ.

ಆದರೆ ಸಾಸಿವೆ! ಹಳೆಯದರ ಕೈಗಳಲ್ಲಿ ತೂತು ದೊಡ್ಡದು. ನಮ್ಮ ಹೊಸದರಲ್ಲಿ ಸಣ್ಣದು, ಒಗ್ಗರಣೆ ಸಾಸಿವೆ ಬಂದು ಸರಿಯಾಗಿ ಕೂರುತ್ತೆ. ಮೇಲಿನ ತಟ್ಟೆಗಳು ಯಾಕೋ ಮಂಕು ಅನಿಸಿದರೆ ಮೊದಲು ಅಲ್ಲಿ ನೋಡಿ, ಟೂತ್‌ಪಿಕ್ ಸಾಕು. ಜಾಲರಿಯನ್ನು ವಾರಕ್ಕೊಮ್ಮೆ ತೊಳೆಯುತ್ತೇನೆ, ಕರಿಬೇವು ಕಾಯಂ ಗಿರಾಕಿ.

ಒಣಗಿಸುವುದರಲ್ಲಿ ಹೊಸದೇ ಮೇಲು. ಕೊನೆಯಲ್ಲಿ ಬಾಗಿಲು ತಾನೇ ಸ್ವಲ್ಪ ತೆರೆದುಕೊಂಡು ಹಬೆ ಬಿಡುತ್ತೆ. ಪ್ಲಾಸ್ಟಿಕ್ ಡಬ್ಬಿ ಮಾತ್ರ ಎರಡರಲ್ಲೂ ಒದ್ದೆಯೇ. ಅದರ ಅರಿಶಿನ ಕಲೆಗೆ ಬಿಸಿಲೇ ಮದ್ದು.

ಹೊಸದರಲ್ಲಿ ಚಮಚಕ್ಕೆಂದು ಮೇಲೆ ಮೂರನೇ ಟ್ರೇ ಕೊಟ್ಟಿದ್ದಾರೆ. ನೋಡಲು ಚೆಂದ, ಆದರೆ ಕೆಳಗಿನ ಎತ್ತರ ತಿನ್ನುತ್ತೆ. ಹಳೆಯದರಲ್ಲಿ ಆರಾಮಾಗಿ ಕೂರುತ್ತಿದ್ದ ಐದು ಲೀಟರ್ ಕುಕ್ಕರ್ ಇದರಲ್ಲಿ ಹಿಡಿಯಲಿಲ್ಲ. ಟ್ರೇಯನ್ನು ಬಿಚ್ಚಿ ಅಟ್ಟಕ್ಕೆ ಹಾಕಿದೆ.