ಬಂದರು ಬಿಡುವಾಗ ನಾನು ನಿಲ್ಲುವ ಜಾಗ

ಕ್ರೂಸ್ ಹಡಗು ದ್ವೀಪದ ಬಂದರು ಬಿಡುವ ಹೊತ್ತಿಗೆ ಜನ ಮುಗಿಬೀಳುವುದು ಈಜುಕೊಳದ ಡೆಕ್ಕಿಗೆ. ಅಲ್ಲಿ ಕಿವಿ ಗಡಚಿಕ್ಕುವ ಸಂಗೀತ, ಕುಣಿತ, ಎಲ್ಲರ ಕೈಯಲ್ಲೂ ಒಂದೊಂದು ಲೋಟ. ಇನ್ನು ಕೆಲವರು ಹಡಗಿನ ಮೂತಿಯ ಕಡೆ ಓಡುತ್ತಾರೆ. ನಾನು ಮಾತ್ರ ಹಿಂಬದಿಗೆ ಹೋಗಿ ರೇಲಿಂಗ್ ಹಿಡಿದು ನಿಲ್ಲುವವಳು.

ಬೆಳಗಿನಿಂದ ದ್ವೀಪದ ಮೇಲೆ ಎಷ್ಟೇ ಸುತ್ತಿದರೂ ಕಣ್ಣಿಗೆ ಸಿಗುವುದು ಬಿಡಿಬಿಡಿ ತುಣುಕು: ಒಂದು ಏರುದಾರಿ, ಒಂದು ತಿರುವು, ಎರಡು ಮನೆಗಳ ಸಂದಿಯಲ್ಲಿ ಇಣುಕುವ ಕಡಲು. ಬೆಳಗ್ಗೆ ಹಡಗು ಬಂದರಿಗೆ ಬರುವಾಗ ಇಡೀ ದ್ವೀಪ ಕಾಣುತ್ತದೆ ನಿಜ. ಆದರೆ ಆಗ ಅದರ ಗುರುತು ಪರಿಚಯವೇ ಇರುವುದಿಲ್ಲ, ಯಾವ ಗುಡ್ಡ ಯಾವುದೋ. ಸಂಜೆ ಹಾಗಲ್ಲ. ನಾವು ಏದುಸಿರು ಬಿಡುತ್ತ ಹತ್ತಿದ ಮೆಟ್ಟಿಲು ಅಗೋ ಅಲ್ಲಿದೆ, ಅದರ ಬೆನ್ನಿಗೇ ಕೋಟೆ, ಕೋಟೆಯಿಂದ ಇಷ್ಟೇ ದೂರಕ್ಕೆ ಈಜಿದ ಕೊಲ್ಲಿ. ಬಿಟ್ಟು ಹೊರಟ ಮೇಲೆಯೇ ದ್ವೀಪ ಒಟ್ಟಾಗಿ ಕಾಣುವುದು. ಅದನ್ನು ನೋಡಲು ಹಿಂದಕ್ಕೆ ಮುಖ ಮಾಡಬೇಕು.

ಇದಕ್ಕೆ ನನ್ನ ತಯಾರಿ ಹಿಂದಿನ ರಾತ್ರಿಯೇ ಶುರುವಾಗುತ್ತದೆ. ತಯಾರಿ ಎಂದರೆ ದೊಡ್ಡ ಉಸಾಬರಿಯೇನಲ್ಲ. ಫೋನಿನಲ್ಲಿ ನಕ್ಷೆ ಇಳಿಸಿಟ್ಟುಕೊಂಡು, ಬಂದರಿನ ಬಾಯಿ ಯಾವ ದಿಕ್ಕಿಗಿದೆ, ಸೂರ್ಯ ಎಲ್ಲಿ ಮುಳುಗುತ್ತಾನೆ, ಹಡಗು ಮುಂದೆ ಯಾವ ಊರಿಗೆ ಹೋಗುತ್ತದೆ ಎಂದು ನೋಡಿಟ್ಟುಕೊಳ್ಳುತ್ತೇನೆ. ಹೊರಡುವ ಮುಂಚೆ ನೋಡಬೇಕಾದದ್ದು ಇನ್ನೊಂದಿದೆ, ಹಡಗು ದಕ್ಕೆಗೆ ಹೇಗೆ ತಾಗಿ ನಿಂತಿದೆ ಎಂಬುದು. ಮೂತಿ ಒಳಗೆ ಮಾಡಿ ನಿಂತಿದ್ದರೆ ಅದು ಹಿಮ್ಮುಖವಾಗಿ ಹೊರಬಂದು ಬಂದರಿನ ನಡುವೆ ತಿರುಗಬೇಕು. ಆಗ ಎಡಗಡೆ ಕಾಣುತ್ತಿದ್ದ ಊರು ಬಲಗಡೆಗೆ ಹೋಗಿಬಿಡುತ್ತದೆ. ಗಂಟೆ ಮೊದಲೇ ಬಂದು ಎಡಬದಿಯಲ್ಲಿ ಕುರ್ಚಿ ಹಿಡಿದು ಕೂತವರೆಲ್ಲ ಆ ಹೊತ್ತಿನಲ್ಲಿ ಎದ್ದು ಆಚೆ ಬದಿಗೆ ಓಡುವುದನ್ನು ನೋಡುವುದೂ ಒಂದು ಮೋಜೇ. ಹಿಂಬದಿಯಲ್ಲಿ ನಿಂತವರಿಗೆ ಈ ತಾಪತ್ರಯವಿಲ್ಲ. ಹಡಗು ಯಾವ ಕಡೆ ತಿರುಗಲಿ, ಕೊನೆಗೆ ದ್ವೀಪ ಬಂದು ನಿಲ್ಲುವುದು ಅವರ ಎದುರಿಗೇ.

ಸೇಂಟ್ ಥಾಮಸ್ ದ್ವೀಪದ ಶಾರ್ಲೆಟ್ ಅಮಾಲಿಯನ್ನೇ ತೆಗೆದುಕೊಳ್ಳಿ. ಕೆರಿಬಿಯನ್ ಕಡಲಿನಲ್ಲಿ ಬಂದರು ಬಿಡುವ ಸೊಗಸಿಗೆ ಇದನ್ನು ಮೀರಿಸುವ ಊರು ನನಗಂತೂ ಸಿಕ್ಕಿಲ್ಲ. ಹಡಗುಗಳು ಹೆಚ್ಚಾಗಿ ನಿಲ್ಲುವ ಹೇವನ್‌ಸೈಟ್ ದಕ್ಕೆ ಬಂದರಿನ ಪೂರ್ವದಲ್ಲಿದೆ. ಊರು ಉತ್ತರದಲ್ಲಿ, ಮೂರು ಗುಡ್ಡಗಳನ್ನು ಏರಿಕೊಂಡು ಕೂತಿದೆ. ಹಾಯಿಹಡಗಿನ ಕಾಲದ ನಾವಿಕರು ಆ ಗುಡ್ಡಗಳಿಗೆ ತಮ್ಮ ಹಡಗಿನ ಮೂರು ಕೂವೆಮರಗಳ ಹೆಸರನ್ನೇ ಇಟ್ಟಿದ್ದರು: ಫೋರ್‌ಟಾಪ್, ಮೇನ್‌ಟಾಪ್, ಮಿಜನ್‌ಟಾಪ್. ದಡದ ಮೇಲೆ ನಿಂತರೆ ಈ ಹೆಸರು ಯಾಕೆಂದು ತಲೆಗೆ ಹೋಗುವುದಿಲ್ಲ. ನೀರಿನಿಂದ ನೋಡಿದರೆ ಮೂರೂ ಸಾಲಾಗಿ ಎದ್ದು ನಿಂತಿರುತ್ತವೆ.

ಹಗ್ಗ ಬಿಚ್ಚುವಾಗ ನಾನು ಕೆಳಗಿನ ನಡಿಗೆಯ ಡೆಕ್ಕಿನಲ್ಲಿರುತ್ತೇನೆ. ದಕ್ಕೆಯ ಆಳುಗಳು ದಪ್ಪ ಹಗ್ಗದ ಕುಣಿಕೆಯನ್ನು ಗೂಟದಿಂದ ಎತ್ತಿ ನೀರಿಗೆ ಬಿಡುತ್ತಾರೆ, ಅದು ನೀರು ಸುರಿಸುತ್ತ ಹಡಗಿನ ಹೊಟ್ಟೆಯೊಳಕ್ಕೆ ಸರಿಯುತ್ತದೆ. ಹಡಗಿಗೂ ದಕ್ಕೆಗೂ ನಡುವೆ ಒಂದು ಗೇಣು ನೀರು, ಆಮೇಲೆ ಒಂದು ಮಾರು. ಪಕ್ಕಕ್ಕೆ ತಳ್ಳುವ ಥ್ರಸ್ಟರ್‌ಗಳು ತಳದ ಕೆಸರನ್ನೆಲ್ಲ ಮೇಲಕ್ಕೆ ಎಬ್ಬಿಸುತ್ತವೆ. ಅಷ್ಟು ಹೊತ್ತು ನೀಲಿಯಾಗಿದ್ದ ನೀರು ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿ, ಸುಳಿಸುಳಿಯಾಗಿ ಹರಡಿಕೊಳ್ಳುತ್ತದೆ. ಸಣ್ಣ ಮೀನುಗಳು ಅದರ ಅಂಚಿನಲ್ಲಿ ಮಿಂಚಿ ಮಾಯವಾಗುತ್ತವೆ. ಇದನ್ನು ನೋಡಬೇಕಾದರೆ ಕೆಳಗೇ ಇರಬೇಕು, ಹದಿನೈದನೇ ಡೆಕ್ಕಿನಿಂದ ಏನೂ ಕಾಣದು.

ಹಡಗಿನ ಕೂಗಿಗೂ ಅರ್ಥವಿದೆ. ಒಂದೊಂದು ಸೆಕೆಂಡಿನ ಮೂರು ಗಿಡ್ಡ ಕೂಗು ಕೇಳಿದರೆ ಎಂಜಿನ್ ಹಿಮ್ಮುಖವಾಗಿ ಓಡುತ್ತಿದೆ ಎಂದು ಲೆಕ್ಕ. ಒಂದೇ ಗಿಡ್ಡ ಕೂಗು ಬಲಕ್ಕೆ ತಿರುಗುವುದಕ್ಕೆ, ಎರಡು ಎಡಕ್ಕೆ. 1972ರ ಅಂತರರಾಷ್ಟ್ರೀಯ ಸಮುದ್ರ ಸಂಚಾರ ನಿಯಮದಲ್ಲಿ ಇದೆಲ್ಲ ಇದೆ. ಮೂರು ಉದ್ದನೆಯ ಕೂಗು ಮಾತ್ರ ನಿಯಮದ್ದಲ್ಲ, ಅದು ಬಂದರಿಗೆ ಹೇಳುವ ವಿದಾಯ.

ತಿರುಗಿ ಮುಗಿದು ಹಡಗು ದಕ್ಷಿಣಕ್ಕೆ ಮೂತಿ ಮಾಡಿದರೆ ಬಲಗಡೆ ಹ್ಯಾಸೆಲ್ ಐಲೆಂಡ್ ತೀರಾ ಹತ್ತಿರದಲ್ಲೇ ಹಾದುಹೋಗುತ್ತದೆ. ಇದು ಹುಟ್ಟಾ ದ್ವೀಪವಲ್ಲ. ಊರಿಗೆ ಅಂಟಿಕೊಂಡಿದ್ದ ಭೂಶಿರವನ್ನು 1860ರ ದಶಕದಲ್ಲಿ ಡೇನರು, ಅಂದರೆ ಆಗ ಇಲ್ಲಿ ಆಳುತ್ತಿದ್ದ ಡೆನ್ಮಾರ್ಕಿನವರು, ಕಾಲುವೆ ತೋಡಿ ಬೇರೆ ಮಾಡಿದರು, ಬಂದರಿನ ನೀರು ನಿಂತು ಕೊಳೆಯದೆ ಹರಿದಾಡಲಿ ಎಂದು. ಕುರುಚಲು ಕಾಡು, ಪಾಪಾಸುಕಳ್ಳಿ, ನಡುವೆ ಹಳೆಯ ಕೋಟೆಯ ಗೋಡೆ, ದಡದಲ್ಲಿ ಒಂದು ಕಾಲಕ್ಕೆ ಹಡಗುಗಳನ್ನು ದುರಸ್ತಿಗೆ ಎಳೆದು ಏರಿಸುತ್ತಿದ್ದ ಜಾಗದ ಅವಶೇಷ. ಬಂದರಿನಲ್ಲಿ ಬೆಳಗಿನಿಂದ ನಿಂತಿದ್ದರೂ ನೂರಕ್ಕೆ ತೊಂಬತ್ತು ಜನ ಈ ದ್ವೀಪವನ್ನು ಕಣ್ಣೆತ್ತಿ ನೋಡಿರುವುದಿಲ್ಲ ಎಂದು ನನ್ನ ಅಂದಾಜು. ಇದರ ಆಚೆ ವಾಟರ್ ಐಲೆಂಡ್. ಸೇಂಟ್ ಥಾಮಸ್ ಸೇರಿದ ಈ ದ್ವೀಪಸಮೂಹವನ್ನು ಅಮೆರಿಕ 1917ರಲ್ಲಿ ಡೆನ್ಮಾರ್ಕಿನಿಂದ 2.5 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು. ನೀರಿನ ಮೇಲಿಂದ ಇಡೀ ನೋಟ ನೋಡಿದಾಗಲೆಲ್ಲ ಅಗ್ಗಕ್ಕೇ ಹೊಡೆದುಕೊಂಡರಲ್ಲ ಅನ್ನಿಸುತ್ತದೆ.

ಇನ್ನು ಬೆಳಕಿನ ಮಾತು. ಚಳಿಗಾಲದ ಸಂಜೆ ಸೂರ್ಯ ನೈಋತ್ಯದ ಕಡೆ ಮುಳುಗುತ್ತಾನೆ. ದಕ್ಷಿಣಕ್ಕೆ ಹೊರಟ ಹಡಗಿನ ಮುಂಬದಿಯಲ್ಲಿ ನಿಂತವರ ಕಣ್ಣಿಗೆ ಬರೀ ಝಳ. ಹಿಂಬದಿಯಲ್ಲಿ ಊರಿನ ಕಡೆ ಮುಖ ಮಾಡಿದ್ದರೆ ಬೆಳಕು ನಮ್ಮ ಎಡಭುಜದ ಕಡೆಯಿಂದ ಓರೆಯಾಗಿ ಗುಡ್ಡದ ಮೇಲೆ ಬೀಳುತ್ತದೆ. ಮಧ್ಯಾಹ್ನದಲ್ಲಿ ಚಪ್ಪಟೆಯಾಗಿ ಕಂಡಿದ್ದ ಗುಡ್ಡಕ್ಕೆ ಆಗ ಮಡಿಕೆಗಳು ಮೂಡುತ್ತವೆ, ಪ್ರತಿ ಕಣಿವೆಗೂ ನೆರಳು, ಪ್ರತಿ ಕೆಂಪು ಸೂರಿಗೂ ಒಂದು ಅಂಚು. 17ನೇ ಶತಮಾನದಲ್ಲಿ ಡೇನರು ಕಟ್ಟಿದ ಫೋರ್ಟ್ ಕ್ರಿಶ್ಚಿಯನ್ನಿನ ಕೆಂಪು ಗೋಡೆ ಆ ಹೊತ್ತಿನಲ್ಲಿ ಇನ್ನಷ್ಟು ಕೆಂಪು. ಆದರೆ ಇದು ಉಷ್ಣವಲಯ, ಸೂರ್ಯ ಹೆಚ್ಚುಕಡಿಮೆ ನೇರವಾಗಿಯೇ ಇಳಿಯುತ್ತಾನೆ. ಮುಳುಗಿ ಇಪ್ಪತ್ತೈದು ನಿಮಿಷಕ್ಕೆಲ್ಲ ಕತ್ತಲು. ಆಮೇಲೆ ಬರೋಣ ಎಂದು ಸ್ನಾನಕ್ಕೆ ಹೋದವರಿಗೆ ಏನೂ ಉಳಿದಿರುವುದಿಲ್ಲ.

ಬಂದರಿನ ಬಾಯಿ ದಾಟಿದ ಮೇಲೆ ಪೈಲಟ್ ಇಳಿಯುವುದನ್ನು ನಾನು ತಪ್ಪಿಸಿಕೊಳ್ಳುವುದಿಲ್ಲ. ಸ್ಥಳೀಯ ನೀರಿನ ಆಳ ಅಗಲ ಬಲ್ಲ ಈ ಪೈಲಟ್ ಕ್ಯಾಪ್ಟನ್ನಿಗೆ ದಾರಿ ಹೇಳಿ ಹೊರಗೆ ತಂದುಬಿಟ್ಟು ವಾಪಸು ಹೋಗಬೇಕು. ಹಡಗು ನಿಲ್ಲುವುದಿಲ್ಲ, ವೇಗ ಇಳಿಸುತ್ತದೆ ಅಷ್ಟೇ. ಗಾಳಿಗೆ ಮರೆಯಾದ ಬದಿಗೆ ಪುಟ್ಟ ದೋಣಿಯೊಂದು ಬಂದು ಒತ್ತಿಕೊಂಡು ಓಡುತ್ತದೆ. ಈ ಕಡಲಿನಲ್ಲಿ ವಾಣಿಜ್ಯ ಮಾರುತ ಪೂರ್ವದಿಂದ ಬೀಸುವುದರಿಂದ ದಕ್ಷಿಣಕ್ಕೆ ಹೊರಟ ಹಡಗಿಗೆ ಮರೆಯ ಬದಿ ಬಲಗಡೆ. ಹಡಗಿನ ಪಕ್ಕೆಯ ಬಾಗಿಲಿನಿಂದ ಪೈಲಟ್ ಹಗ್ಗದ ಏಣಿ ಹಿಡಿದು ಇಳಿದು, ದೋಣಿ ಅಲೆಯ ಮೇಲೆ ಎದ್ದ ಗಳಿಗೆ ನೋಡಿ ಕಾಲಿಡುತ್ತಾನೆ. ಇದೆಲ್ಲ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿದು ದೋಣಿ ಬಂದರಿನತ್ತ ತಿರುಗುತ್ತದೆ, ಹಡಗಿನ ವೇಗ ಏರುತ್ತದೆ.

ಅಲ್ಲಿಂದ ಮುಂದೆ ನಾನು ಮೆಟ್ಟಿಲು ಹತ್ತುತ್ತ ಹೋಗುತ್ತೇನೆ. ಬಂದರಿನೊಳಗೆ ಕೆಳಗಿನ ಡೆಕ್, ಹೊರಬಂದ ಮೇಲೆ ನಡುವಿನದು, ಕೊನೆಗೆ ಹಿಂಬದಿಯ ತುತ್ತತುದಿ. ಇದಕ್ಕೆ ಲೆಕ್ಕವೇ ಇದೆ. ನೀರಿನಿಂದ ಕಣ್ಣು ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ದೂರ ಎಂದು ಸಿಗುತ್ತದೆ. 15 ಮೀಟರ್ ಎತ್ತರದ ಡೆಕ್ಕಿನಿಂದ ಸುಮಾರು 14 ಕಿ.ಮೀ., 45 ಮೀಟರ್ ಎತ್ತರದಿಂದ 24. 20 ನಾಟ್, ಅಂದರೆ ಗಂಟೆಗೆ 37 ಕಿ.ಮೀ. ವೇಗದಲ್ಲಿ ಹೋಗುವ ಹಡಗಿನಲ್ಲಿ ಆ ಹತ್ತು ಕಿಲೋಮೀಟರಿಗೆ ಕಾಲು ಗಂಟೆ ಹಿಡಿಯುತ್ತದೆ. ಮೆಟ್ಟಿಲು ಹತ್ತಿದ್ದಕ್ಕೆ ದ್ವೀಪ ಕಾಲು ಗಂಟೆ ಹೆಚ್ಚು ಕಾಲ ಕಂಡಂತಾಯಿತು. ಸೇಂಟ್ ಥಾಮಸ್ಸಿನ ಅತಿ ಎತ್ತರದ ಕ್ರೌನ್ ಮೌಂಟನ್ 474 ಮೀಟರ್. ಗಾಳಿ ತಿಳಿಯಾಗಿದ್ದರೆ, ಹಗಲು ಉಳಿದಿದ್ದರೆ, ಅದರ ನೆತ್ತಿ 90 ಕಿಲೋಮೀಟರ್ ಆಚೆಯಿಂದಲೂ ಕಾಣಬೇಕು. ಮೊದಲು ಮುಳುಗುವುದು ದಡ, ಆಮೇಲೆ ಮನೆಗಳು, ಗುಡ್ಡದ ನೆತ್ತಿ ಕೊನೆಗೆ. ಬಣ್ಣವೂ ಹಾಗೆಯೇ ಬದಲಾಗುತ್ತದೆ. ಹತ್ತಿರದ ದ್ವೀಪ ಹಸಿರು, ಅದರ ಹಿಂದಿನದು ನೀಲಿ, ಅದಕ್ಕೂ ಆಚೆಯದು ಬೂದಿ. ಪಶ್ಚಿಮಕ್ಕೆ ಹೋಗುವ ದಾರಿಯಾದರೆ ಸೇಲ್ ರಾಕ್ ಎಂಬ ಒಂಟಿ ಬಂಡೆ ಸಿಗುತ್ತದೆ, ದೂರದಿಂದ ಥೇಟ್ ಹಾಯಿಹಡಗು. ಶತ್ರುವಿನ ಹಡಗೆಂದು ತಿಳಿದು ಫ್ರೆಂಚ್ ಯುದ್ಧನೌಕೆಯೊಂದು ಇದರ ಮೇಲೆ ಗುಂಡು ಹಾರಿಸಿತ್ತು ಎಂಬ ಕತೆ ಅಲ್ಲಿ ಪ್ರಚಲಿತ.

ಹಿಂಬದಿಗೆ ಅದರದೇ ಕಾಟಗಳೂ ಇವೆ. ಪ್ರೊಪೆಲರ್ ಕೆಳಗೇ ಇರುವುದರಿಂದ ರೇಲಿಂಗ್ ನಡುಗುತ್ತದೆ. ಗಾಳಿ ಸರಿಯಿಲ್ಲದಿದ್ದರೆ ಚಿಮಣಿಯ ಹೊಗೆ ತಲೆಯ ಮೇಲೇ ಇಳಿಯುತ್ತದೆ, ಬಿಳಿ ಬಟ್ಟೆ ತೊಟ್ಟು ಬಂದರೆ ಮಸಿಯ ಚುಕ್ಕೆ ಗ್ಯಾರಂಟಿ. ನಡುಕದ ಕಾರಣಕ್ಕೇ ನನ್ನ ದುರ್ಬೀನು ಏಳು ಪಟ್ಟಿನದು, ಹತ್ತು ಪಟ್ಟಿನದರಲ್ಲಿ ಗುಡ್ಡವೇ ಕುಣಿಯುತ್ತದೆ. ಮೊಣಕೈಯನ್ನು ರೇಲಿಂಗಿಗೆ ಊರದೆ ಪಕ್ಕೆಗೆ ಒತ್ತಿ ಹಿಡಿದರೆ ಇನ್ನೂ ವಾಸಿ. ಮೇಲಿನ ಡೆಕ್ಕುಗಳ ಗಾಜಿನ ತಡೆಗೋಡೆಯ ಹಿಂದೆ ನಿಂತು ಫೋಟೋ ತೆಗೆಯುವವರ ಚಿತ್ರದಲ್ಲಿ ದ್ವೀಪದ ಜೊತೆ ಅವರ ಅಂಗಿಯೂ ಬರುತ್ತದೆ, ಉಪ್ಪಿನ ಕಲೆಯೂ. ಬಾಲ್ಕನಿ ಕ್ಯಾಬಿನ್ನಿಗೆ ದುಡ್ಡು ಸುರಿಯುವುದರಲ್ಲಿ ನನಗೆ ನಂಬಿಕೆಯಿಲ್ಲ. ಒಂದೇ ಬದಿ ಕಾಣುತ್ತದೆ, ಅದೂ ಅದೃಷ್ಟವಿದ್ದರೆ. ತೀರಾ ಬೇಕೆಂದರೆ ಹಿಂಬದಿಗೆ ಮುಖ ಮಾಡಿದ ಬಾಲ್ಕನಿ ತೆಗೆದುಕೊಳ್ಳಿ.

ಈ ಹಿಂಬದಿಯ ಪಾಠ ಗ್ರೀಸಿನ ಸ್ಯಾಂಟೊರಿನಿ ದ್ವೀಪದಲ್ಲಿ ಮಾತ್ರ ನಡೆಯುವುದಿಲ್ಲ. ಅಲ್ಲಿ ಹಡಗು ನಿಲ್ಲುವುದೇ ಜ್ವಾಲಾಮುಖಿ ಕುಸಿದು ಆದ ಕುಳಿಯ ಒಳಗೆ. ಹೆಚ್ಚಿನ ಕಡೆ ಲಂಗರಿಗೆ ತಳವೇ ಸಿಗದಷ್ಟು ಆಳ, ದೊಡ್ಡ ಹಡಗುಗಳು ಎಂಜಿನ್ ಬಲದಿಂದಲೇ ಜಾಗ ಕಾಯ್ದುಕೊಂಡು ನಿಲ್ಲುತ್ತವೆ, ಜನ ದೋಣಿಯಲ್ಲಿ ಓಡಾಡಬೇಕು. ಸುತ್ತ ಸುಮಾರು 300 ಮೀಟರ್ ಎತ್ತರದ ಬಂಡೆಗೋಡೆ. ಕಪ್ಪು, ಕೆಂಪು, ಬೂದಿ ಪದರಗಳ ಮೇಲೆ ಸುಮಾರು 3,600 ವರ್ಷದ ಹಿಂದಿನ ಸ್ಫೋಟದ ಬಿಳಿಚು ಪದರ, ಅದರ ಮೇಲೆ ಬಿಳಿ ಮನೆಗಳು. ಪದರ ಎಲ್ಲಿ ಮುಗಿಯಿತು, ಊರು ಎಲ್ಲಿ ಶುರುವಾಯಿತು ಎಂದು ಬರಿಗಣ್ಣಿಗೆ ಹೊಳೆಯುವುದಿಲ್ಲ. ಫಿರಾ ಊರು ಪೂರ್ವದ ಗೋಡೆಯ ಮೇಲಿದ್ದು ಪಶ್ಚಿಮಕ್ಕೆ ಮುಖ ಮಾಡಿದೆ, ಸಂಜೆಯ ಬಿಸಿಲೆಲ್ಲ ಅದಕ್ಕೇ. ಹಡಗು ವಾಯವ್ಯದ ಜಲಮಾರ್ಗದಿಂದ ಹೊರಟರೆ ಬಲಗಡೆ ಇಯಾ ಊರು, ಎಡಗಡೆ ಥಿರಾಸಿಯಾ ದ್ವೀಪ. ಹಾಗಾಗಿ ಅಲ್ಲಿ ನಾನು ಬಲಬದಿಯ ರೇಲಿಂಗಿನಲ್ಲಿ. ಇಯಾದ ಗೋಡೆಯ ಮೇಲೆ ಸೂರ್ಯಾಸ್ತಕ್ಕೆಂದು ಕಿಕ್ಕಿರಿದ ಜನ ನಮ್ಮ ಹಡಗಿನ ಫೋಟೋ ತೆಗೆಯುತ್ತಿರುತ್ತಾರೆ, ನಾವು ಅವರದು. ಕುಳಿಯ ನಡುವಿನ ಕರಿಯ ಜ್ವಾಲಾಮುಖಿ ದ್ವೀಪ ನೆಯಾ ಕಮೇನಿ 1950ರಲ್ಲಿ ಕೊನೆಯ ಸಲ ಲಾವಾ ಉಗುಳಿತು. ಅತ್ತ ನೋಡುವವರು ಕಡಿಮೆ, ನನಗೆ ಮಾತ್ರ ಆ ಬೋಳು ಕಲ್ಲುಗುಡ್ಡೆಯೇ ಇಯಾಕ್ಕಿಂತ ಹೆಚ್ಚು ಹಿಡಿಸಿತು.

ರಾತ್ರಿ ಹೊರಡುವ ಬಂದರುಗಳಲ್ಲಿ ಪೋರ್ಚುಗಲ್ಲಿನ ಮಡೈರಾ ದ್ವೀಪದ ಫುಂಚಾಲ್ ಸೊಗಸು. ದಡದಿಂದ ಗುಡ್ಡದ ಮೇಲಿನವರೆಗೂ ದೀಪಗಳು. ಡೆಕ್ಕಿನ ದೀಪ ಬೀಳದ ಮೂಲೆ ಹುಡುಕಿ, ಫೋನ್ ಜೇಬಿಗೆ ಹಾಕಿ, ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷ ಕೊಟ್ಟರೆ ದೀಪಗಳ ಹಿಂದೆ ಬೆಟ್ಟದ ಕಪ್ಪು ಗೆರೆಯೂ ಬಿಡಿಸಿಕೊಳ್ಳುತ್ತದೆ.

ಇಷ್ಟಕ್ಕೂ ದೊಡ್ಡ ಅಡ್ಡಿ ಊಟ. ಹಡಗಿನ ಊಟದ ಮನೆಯಲ್ಲಿ ಮೊದಲ ಸರದಿ ಬರುವುದು ಸರಿಯಾಗಿ ದ್ವೀಪ ಚೆನ್ನಾಗಿ ಕಾಣುವ ಹೊತ್ತಿಗೆ. ಡೆಕ್ ಅರ್ಧ ಖಾಲಿಯಾಗುವುದು ಆಗಲೇ. ಟಿಕೆಟ್ ಮಾಡಿಸುವಾಗಲೇ ಎರಡನೇ ಸರದಿ ಎಂದು ಬರೆಸಿಬಿಡುತ್ತೇನೆ. ನಮ್ಮವರಿಗೆ ಅಷ್ಟು ಹೊತ್ತು ಹಸಿವು ತಡೆಯದು, ಮೊದಮೊದಲು ಗೊಣಗುತ್ತಿದ್ದರು. ಆದರೆ ಬಹಳ ಹಡಗುಗಳಲ್ಲಿ ಬಫೆ ಇರುವುದೇ ಮೇಲಿನ ಡೆಕ್ಕಿನ ಹಿಂಬದಿಯಲ್ಲಿ, ಹೊರಗೆ ರೇಲಿಂಗಿನವರೆಗೂ ಮೇಜು ಹಾಕಿರುತ್ತಾರೆ. ಅದು ಗೊತ್ತಾದ ಮೇಲೆ ಅವರೇ ಮೊದಲು ಹೋಗಿ ಇಬ್ಬರಿಗೂ ಜಾಗ ಹಿಡಿದಿರುತ್ತಾರೆ.