ಕನ್ನಡ ಕೂಟದ ಪಿಕ್ನಿಕ್‌ಗೆ ಡ್ರೋನ್ ಒಯ್ಯುವ ಮುಂಚೆ

ಅಮೆರಿಕದಲ್ಲಿರುವ ನಮ್ಮವರಲ್ಲಿ ಬಹಳ ಜನ, ದುಡ್ಡು ತಗೊಳ್ಳದೆ ಡ್ರೋನ್ ಹಾರಿಸಿದರೆ ಅದು ಹವ್ಯಾಸ ಅಂದುಕೊಂಡಿದ್ದಾರೆ. ಹಾಗಲ್ಲ. ಇಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ ನೋಡುವುದು ನೀವು ಯಾಕೆ ಹಾರಿಸುತ್ತಿದ್ದೀರಿ ಅನ್ನುವುದನ್ನು. ಬರೀ ನಿಮ್ಮ ಖುಷಿಗೆ ಹಾರಿಸಿದರೆ ಹವ್ಯಾಸ. ಕನ್ನಡ ಕೂಟಕ್ಕೆ ಪುಕ್ಕಟೆ ವಿಡಿಯೊ ಮಾಡಿಕೊಟ್ಟರೂ ಅದು ಪಾರ್ಟ್ 107ರ ಕೆಲಸ, ಅಂದರೆ ಹವ್ಯಾಸವಲ್ಲದ ಹಾರಾಟಕ್ಕೆ ಇರುವ ಎಫ್‌ಎಎ ನಿಯಮಕ್ಕೆ ಸೇರಿದ್ದು. ಗೆಳೆಯರ ಮನೆ ಮಾರಾಟಕ್ಕೆ ಫೋಟೊ ತೆಗೆದರೂ ಅಷ್ಟೇ.

ಪಾರ್ಟ್ 107ರಲ್ಲಿ ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಕು. 16 ವರ್ಷ ತುಂಬಿರಬೇಕು. ಪರೀಕ್ಷಾ ಕೇಂದ್ರಕ್ಕೆ ಹೋಗಿ 60 ಪ್ರಶ್ನೆಗಳ ಪರೀಕ್ಷೆ ಬರೆಯಬೇಕು, ಶುಲ್ಕ ಸುಮಾರು 175 ಡಾಲರ್. ಕೂಟದಲ್ಲಿ ಒಬ್ಬರಾದರೂ ಇದನ್ನು ಮಾಡಿಕೊಂಡರೆ ಎಲ್ಲರಿಗೂ ಅನುಕೂಲ ಅಲ್ವಾ?

ಹವ್ಯಾಸಕ್ಕೂ ಟ್ರಸ್ಟ್ ಅನ್ನುವ ಪರೀಕ್ಷೆ ಇದೆ. ಆನ್‌ಲೈನ್, ಉಚಿತ. ತಪ್ಪು ಉತ್ತರ ಕೊಟ್ಟರೆ ಅಲ್ಲೇ ತಿದ್ದಿ ಕಲಿಸುತ್ತದೆ, ಫೇಲ್ ಆಗುವ ಭಯ ಬೇಡ. ಸರ್ಟಿಫಿಕೇಟನ್ನು ಫೋನಿನಲ್ಲಿ ಇಟ್ಟುಕೊಳ್ಳಿ.

ಆಮೇಲೆ ತೂಕ. 250 ಗ್ರಾಂ ಅಥವಾ ಜಾಸ್ತಿ ಇದ್ದರೆ ಎಫ್‌ಎಎ ಡ್ರೋನ್‌ಝೋನ್ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು. 5 ಡಾಲರ್, 3 ವರ್ಷಕ್ಕೆ. ವೀಸಾದ ಮೇಲೆ ಇರುವವರೂ ಮಾಡಿಸಬೇಕು. ನಂಬರನ್ನು ಡ್ರೋನಿನ ಹೊರಮೈಗೆ ಅಂಟಿಸಿ. ನೋಂದಣಿಯಾದ ಡ್ರೋನಿಗೆ ರಿಮೋಟ್ ಐಡಿ ಕೂಡ ಬೇಕು. ಹಾರುವಾಗ ತನ್ನ ಗುರುತು ಮತ್ತು ಜಾಗವನ್ನು ಅದು ಸುತ್ತಲಿನವರಿಗೆ ತಿಳಿಸುತ್ತಿರುತ್ತದೆ. 249 ಗ್ರಾಂ ಎಂದು ಮಾರುವ ಪುಟ್ಟ ಡ್ರೋನಿಗೆ ದೊಡ್ಡ ಬ್ಯಾಟರಿ ಹಾಕಿದರೆ ತೂಕ 250 ದಾಟಿಬಿಡುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ಇಟ್ಟು ನೋಡಿ. ಇನ್ನು ಪಾರ್ಟ್ 107ರಲ್ಲಿ ಹಾರಿಸುವುದಾದರೆ ಎಷ್ಟೇ ಹಗುರವಿದ್ದರೂ ನೋಂದಣಿ ತಪ್ಪದು.

ಎತ್ತರ 400 ಅಡಿ ಮೀರಬಾರದು. ಡ್ರೋನ್ ಕಣ್ಣಿಗೆ ಕಾಣುತ್ತಿರಬೇಕು. ಪರದೆಯಲ್ಲಿ ಕಂಡರೆ ಸಾಲದು. ವಿಮಾನ ನಿಲ್ದಾಣದ ಸುತ್ತ ನಿಯಂತ್ರಿತ ವಾಯುಪ್ರದೇಶ ಇರುತ್ತದೆ, ಅಲ್ಲಿ ಲಾನ್ಸ್ ಎಂಬ ಎಫ್‌ಎಎ ಅನುಮತಿ ವ್ಯವಸ್ಥೆಯ ಆ್ಯಪ್ ಮೂಲಕ ಮೊದಲೇ ಅನುಮತಿ ಪಡೆಯಿರಿ. ಎಷ್ಟೋ ಸಲ ಕ್ಷಣದಲ್ಲೇ ಸಿಗುತ್ತದೆ. ಯೊಸೆಮಿಟಿ, ಗ್ರ್ಯಾಂಡ್ ಕ್ಯಾನ್ಯನ್‌ನಂಥ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ನಿಷೇಧ ಇದೆ. ಅಪ್ಪ ಅಮ್ಮ ಬಂದಾಗ ಅಲ್ಲಿಗೇ ಕರೆದೊಯ್ಯುತ್ತೇವೆ, ಆದರೆ ಡ್ರೋನ್ ಮಾತ್ರ ಮನೆಯಲ್ಲೇ ಇರಲಿ.

ರಜೆಗೆ ಊರಿಗೆ ಹೋಗುವಾಗ ತಮ್ಮನಿಗೆ ಅಂತ ಸೂಟ್‌ಕೇಸಿಗೆ ಹಾಕಿಕೊಳ್ಳಬೇಡಿ. ವಿದೇಶಿ ಡ್ರೋನ್ ಆಮದನ್ನು ಭಾರತ 2022ರ ಫೆಬ್ರವರಿಯಲ್ಲಿ ನಿಷೇಧಿಸಿದೆ.